ಹಲಸಿನ ಹಣ್ಣು ಹೊತ್ತು ಬಾವಲಿ ಹುಡುಕಲು ಹೋದವರು

ಮಕ್ಕಳೇ, ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿದರೆ ಇಡೀ ಬೀದಿಗೇ ಗೊತ್ತಾಗುತ್ತದೆ ಅಲ್ಲವೇ? ಆ ಘಮವನ್ನೇ ನಂಬಿ 1976ರಲ್ಲಿ ಒಬ್ಬರು ಸಮುದ್ರ ದಾಟಿ ಬಾವಲಿ ಹಿಡಿಯಲು ಹೋದರು! ಅವರೇ ಜೆರಾಲ್ಡ್ ಡರೆಲ್. ಅಳಿದುಹೋಗುತ್ತಿರುವ ಪ್ರಾಣಿಗಳ ಸಂತತಿ ಉಳಿಸಲೆಂದೇ ಜರ್ಸಿ ದ್ವೀಪದಲ್ಲಿ ಮೃಗಾಲಯ ಕಟ್ಟಿದವರು.

ಅವರು ಹೋದದ್ದು ರಾಡ್ರಿಗಸ್ ದ್ವೀಪಕ್ಕೆ. ಹಿಂದೂ ಮಹಾಸಾಗರದಲ್ಲಿರುವ ಈ ಪುಟ್ಟ ದ್ವೀಪ ಮಾರಿಷಸ್ ದೇಶಕ್ಕೆ ಸೇರಿದ್ದು. ರಾಡ್ರಿಗಸ್ ಹಣ್ಣುಬಾವಲಿಗಳು ಸ್ವತಂತ್ರವಾಗಿ ಬದುಕಿರುವುದು ಜಗತ್ತಿನಲ್ಲಿ ಇಲ್ಲಿ ಮಾತ್ರ. ತಲೆ, ಕತ್ತಿನ ಸುತ್ತ ಹೊಂಬಣ್ಣದ ಕೂದಲು; ರೆಕ್ಕೆ ಬಿಚ್ಚಿದರೆ ಸುಮಾರು 3 ಅಡಿ ಅಗಲ. ಮಾವು, ಹುಣಸೆ, ಅತ್ತಿಯ ಜಾತಿಯ ಹಣ್ಣುಗಳೆಂದರೆ ಬಲು ಇಷ್ಟ.

ಒಂದು ಕಾಲಕ್ಕೆ ದ್ವೀಪದ ತುಂಬ ಕಾಡಿತ್ತು. ಹೊಲಕ್ಕೆ, ಸೌದೆಗೆ ಎಂದು ಜನ ಮರ ಕಡಿಯುತ್ತ ಹೋದರು. ಚಂಡಮಾರುತ ಬೀಸಿದಾಗ ಬಾವಲಿಗಳಿಗೆ ಅಡಗಲು ದಟ್ಟ ಮರಗಳೇ ಇಲ್ಲ! ಎಷ್ಟೋ ಬಾವಲಿಗಳು ಗಾಳಿಗೆ ಸಿಕ್ಕಿ ಸತ್ತವು. ಉಳಿದವಕ್ಕೆ ತಿನ್ನಲು ಹಣ್ಣಿಲ್ಲ. ತಾಯಿ ಬಾವಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಹಾಗಾಗಿ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾಗದು. 1970ರ ದಶಕದಲ್ಲಿ ಒಂದು ಹಂತದಲ್ಲಿ ನೂರು ಬಾವಲಿಗಳೂ ಉಳಿದಿರಲಿಲ್ಲ.

ಮಾರಿಷಸ್‌ನಿಂದ ತಂದ ಹಲಸಿನ ಹಣ್ಣಿನ ಆಸೆ ತೋರಿಸಿ, ಬಲೆ ಕಟ್ಟಿ ಡರೆಲ್ ತಂಡ ಕೆಲವು ಬಾವಲಿಗಳನ್ನು ಹಿಡಿಯಿತು. ಮತ್ತೊಂದು ಚಂಡಮಾರುತ ಬಂದು ದ್ವೀಪದಲ್ಲಿ ಎಲ್ಲವೂ ಸತ್ತರೂ ಸಂತತಿ ಉಳಿಯಲಿ ಎಂದು ಅವನ್ನು ಜತನದಿಂದ ಸಾಕಿದರು. ಅಲ್ಲಿ ಮರಿಗಳೂ ಹುಟ್ಟಿದವು.

ಇತ್ತ ದ್ವೀಪದಲ್ಲಿ ಉಳಿದ ಕಾಡಿಗೆ ರಕ್ಷಣೆ ಸಿಕ್ಕಿತು. ಹೊಸ ಗಿಡಗಳನ್ನು ನೆಟ್ಟರು. ಶಾಲೆಯ ಮಕ್ಕಳಿಗೆ ಬಾವಲಿಯ ಪಾಠ ಹೇಳಿದರು. ಮರ ಹೆಚ್ಚಿದಂತೆ ಬಾವಲಿಯೂ ಹೆಚ್ಚಿತು. ಈಗ ಅಲ್ಲಿ ಸಾವಿರಾರು ಬಾವಲಿಗಳಿವೆ! ಆದರೂ ಅಪಾಯ ಪೂರ್ತಿ ಕಳೆದಿಲ್ಲ; ಇರುವುದು ಒಂದೇ ದ್ವೀಪ, ಚಂಡಮಾರುತ ಮತ್ತೆ ಬಂದೇ ಬರುತ್ತದೆ.

ಮರ ಬಾವಲಿಗೆ ಅನ್ನ ಕೊಡುತ್ತದೆ. ಬಾವಲಿ ಬೀಜವನ್ನು ದೂರ ಒಯ್ದು ಹೊಸ ಮರಕ್ಕೆ ಕಾರಣವಾಗುತ್ತದೆ. ನಮ್ಮೂರಿನ ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳು ಮಾಡುವುದೂ ಇದೇ ಕೆಲಸ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ, ಅದರಿಂದ ರೋಗ ಬರಬಹುದು. ಹಾಗೆಂದು ಬಾವಲಿಗೆ ಕಲ್ಲು ಹೊಡೆಯಲೂಬೇಡಿ!