ಬ್ರಹ್ಮದೇಶದ ಲಷ್ಕರೀ ನ್ಯಾಯ

ಮಂಡಾಲೆಯ ಹೆಸರು ಕನ್ನಡಿಗರ ಕಿವಿಗೆ ಹೊಸತಲ್ಲ. 1908ರಲ್ಲಿ ರಾಜದ್ರೋಹಕ್ಕಾಗಿ ಶಿಕ್ಷೆ ಹೊಂದಿದ ಲೋಕಮಾನ್ಯ ತಿಲಕರು ಸೆರೆಯಲ್ಲಿದ್ದುದು ಅಲ್ಲಿಯೇ; ಗೀತಾರಹಸ್ಯವು ರೂಪುಗೊಂಡುದೂ ಅಲ್ಲಿಯೇ. ಆಗ ಬ್ರಹ್ಮದೇಶವು ಹಿಂದುಸ್ಥಾನದ ಒಂದು ಪ್ರಾಂತವಾಗಿದ್ದಿತು, ಎರಡಕ್ಕೂ ಒಂದೇ ದಂಡಸಂಹಿತೆಯಿದ್ದಿತು. 1948ರಲ್ಲಿ ಆಂಗ್ಲರು ಆ ದೇಶವನ್ನು ಬಿಟ್ಟು ನಡೆದರು. ಅವರ ಸಂಹಿತೆ ಮಾತ್ರ ಅಲ್ಲಿಯೇ ಉಳಿಯಿತು.

1962ರಲ್ಲಿ ಜನರಲ್ ನೆ ವಿನ್ ಅಧಿಕಾರವನ್ನು ಕಸಿದುಕೊಂಡಂದಿನಿಂದ ಆ ದೇಶದಲ್ಲಿ ಲಷ್ಕರದ ಕೈಯೇ ಮೇಲು. 1990ರ ಚುನಾವಣೆಯಲ್ಲಿ ಜನರು ಕೊಟ್ಟ ತೀರ್ಪನ್ನು ಅದು ಮನ್ನಿಸಲಿಲ್ಲ. 2008ರ ರಾಜ್ಯಘಟನೆಯಲ್ಲಿ ಶಾಸನಸಭೆಯ ನಾಲ್ಕನೆಯ ಒಂದಂಶ ಸ್ಥಾನಗಳನ್ನು ತನಗೇ ಮೀಸಲಿಟ್ಟುಕೊಂಡಿತು. ಘಟನೆಯನ್ನು ತಿದ್ದುವುದಕ್ಕೆ ಮುಕ್ಕಾಲಂಶಕ್ಕೂ ಮಿಕ್ಕ ಮತಗಳು ಬೇಕೆಂದು ವಿಧಿಸಿತು. ಇಷ್ಟು ಬಿಗಿಯಾದ ಬೀಗವೂ ಸಾಲದಾಗಿ, 2021ರ ಫೆಬ್ರುವರಿ 1ರಂದು ಮತ್ತೆ ಕೋವಿಯನ್ನೇ ಹಿಡಿಯಿತು.

ಅನಂತರ ನಡೆದುದನ್ನು ಕಾಯಿದೆ ಬಲ್ಲವರು ಲಕ್ಷ್ಯವಿಟ್ಟು ನೋಡಬೇಕು. ಎರಡು ವಾರಗಳೊಳಗೆ ಆ ಹಳೆಯ ಸಂಹಿತೆಗೆ 505-ಎ ಎಂಬ ಕಲಮನ್ನು ಸೇರಿಸಿದರು. ಭಯವನ್ನು ಹುಟ್ಟಿಸಿದವನಿಗೆ, ಸುಳ್ಳು ಸುದ್ದಿ ಹಬ್ಬಿಸಿದವನಿಗೆ ಮೂರು ವರ್ಷದ ಸೆರೆ. ಸುಳ್ಳು ಯಾವುದೆಂದು ಹೇಳುವವರಾರು? ದಸ್ತಗಿರಿ ಮಾಡುವವರೇ! ವಾರಂಟಿಲ್ಲದೆ ಮನೆ ಹೊಗಬಾರದು, ಕೋರ್ಟಿನ ಅಪ್ಪಣೆಯಿಲ್ಲದೆ 24 ತಾಸಿಗೆ ಮೀರಿ ಹಿಡಿದಿಡಬಾರದು ಎಂದಿದ್ದ ರಕ್ಷಣೆಗಳನ್ನೂ ತೆಗೆದುಹಾಕಿದರು. ಮಾರ್ಚಿನಲ್ಲಿ ರಂಗೂನಿನ ಕೆಲವು ಪೇಟೆಗಳಲ್ಲಿ ಲಷ್ಕರೀ ಕಾಯಿದೆ ಸಾರಿ, ಸಾಮಾನ್ಯ ಪ್ರಜೆಗಳ ಖಟ್ಲೆಗಳನ್ನು ಸೈನ್ಯದ ನ್ಯಾಯಮಂಡಲಿಗೆ ಒಪ್ಪಿಸಿದರು. ಅದರ ತೀರ್ಪಿನ ಮೇಲೆ ಅಪೀಲಿಲ್ಲ. ಮರಣದಂಡನೆಯಾದವನು ಮೊರೆಯಿಡಬೇಕಾದುದು ಸೇನಾಪತಿಗೆ. ಆರೋಪಿಗಳ ಪರವಾಗಿ ನಿಂತ ವಕೀಲರಲ್ಲಿ ಹಲವರು ತಾವೇ ಆರೋಪಿಗಳಾದರು. ಕರಿಯ ಕೋಟು ತೊಟ್ಟವರಾದ ನಮಗೆ ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ.

ಇಂಥ ಮುಚ್ಚಿದ ಬಾಗಿಲಿನ ವಿಚಾರಣೆಯ ಫಲವಾಗಿ 2022ರ ಜುಲೈಯಲ್ಲಿ ನಾಲ್ವರ ಪ್ರಾಣ ಹೋಯಿತು. ಶಾಸನಸಭೆಯ ಮಾಜಿ ಸದಸ್ಯ ಫ್ಯೋ ಝೆಯಾ ಥಾ ಅವರಲ್ಲೊಬ್ಬರು. ಹೆತ್ತವರಿಗೆ ಶವಗಳೂ ದೊರೆಯಲಿಲ್ಲ. 2023ರ ಏಪ್ರಿಲ್ 11ರಂದು ಪಝಿಜಿ ಎಂಬ ಹಳ್ಳಿಯ ಮೇಲೆ ವಿಮಾನಗಳು ಬಾಂಬು ಸುರಿದು ನೂರಕ್ಕೂ ಮಿಕ್ಕಿ ಜನರನ್ನು ಕೊಂದುದಕ್ಕಂತೂ ವಿಚಾರಣೆಯ ಸೋಗೂ ಬೇಕಾಗಲಿಲ್ಲ.

ಒಂದು ಕಹಿಮಾತನ್ನು ಮುಚ್ಚಿಡಲಾರೆವು. 2017ರಲ್ಲಿ ಇದೇ ಸೈನ್ಯವು ರೋಹಿಂಗ್ಯಾ ಜನರಲ್ಲಿ ಏಳು ಲಕ್ಷಕ್ಕೂ ಮಿಕ್ಕವರನ್ನು ಗಡಿಯಾಚೆಗೆ ಓಡಿಸಿದಾಗ, ಇಂದು ಪೀಡಿತರಾಗಿರುವವರಲ್ಲಿ ಬಹುಮಂದಿ ಸುಮ್ಮನಿದ್ದರು. 2019ರಲ್ಲಿ ಆಂಗ್ ಸಾನ್ ಸೂ ಕೀ ಅವರೇ ಹೇಗ್ ನಗರದ ನ್ಯಾಯಾಲಯಕ್ಕೆ ಹೋಗಿ ಸೈನ್ಯದ ಕೃತ್ಯವನ್ನು ಸಮರ್ಥಿಸಿದರು. ಒಂದೂವರೆ ವರ್ಷ ತುಂಬುವುದರೊಳಗೆ ಆ ಸೈನ್ಯವೇ ಅವರನ್ನು ಸೆರೆಹಿಡಿಯಿತು.

ಪರರಾಜ್ಯದ ಸಂಗತಿ ನಮಗೇಕೆ ಎನ್ನುವವರುಂಟು. ಆದರೆ ಪೀಡಿತರು ನಮ್ಮ ಹೊಸ್ತಿಲಿಗೇ ಬಂದಿದ್ದಾರೆ. 2021ರ ಮಾರ್ಚಿನಲ್ಲಿ ದಿಲ್ಲಿಯ ಗೃಹಖಾತೆಯು ಅವರನ್ನು ತಡೆಯಿರೆಂದು ಗಡಿಯ ಪ್ರಾಂತಗಳಿಗೆ ಬರೆಯಿತು. ಇವರು ನಮ್ಮ ರಕ್ತಸಂಬಂಧಿಗಳು, ಆಶ್ರಯ ಕೊಡಬೇಕು ಎಂದು ಮಿಝೋರಾಮದ ಅಂದಿನ ಮುಖ್ಯಮಂತ್ರಿಗಳು ಪ್ರಧಾನಿಗೆ ಬರೆದರು. ಅಲ್ಲಿಯ ಹಳ್ಳಿಗರು ಅನ್ನವಿಕ್ಕಿದರು. ನಿರಾಶ್ರಿತರಿಗೆಂದು ನಮ್ಮಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಪಾರ್ಲಿಮೆಂಟು ಅದನ್ನು ಬೇಗನೆ ಮಾಡಬೇಕು. ಅಲ್ಲಿಯವರೆಗೆ ಸರಕಾರವು ಯಾರನ್ನೂ ಆ ನ್ಯಾಯಮಂಡಲಿಗಳ ಕೈಗೆ ಮರಳಿಸಕೂಡದು. ನಮ್ಮ ರಾಜ್ಯಘಟನೆಯ 21ನೆಯ ವಿಧಿಯು ಪ್ರಾಣರಕ್ಷಣೆಯನ್ನು ನಾಗರಿಕನಿಗೆ ಮಾತ್ರವೇ ಕೊಟ್ಟಿಲ್ಲ. ಅಲ್ಲಿ ಬರೆದಿರುವ ಶಬ್ದವು ‘ವ್ಯಕ್ತಿ’ ಎಂದು.