ಸಮಾನ ಸ್ಮೃತಿ, ಸಮಾನ ಶಿಸ್ತು

ಒಂದೇ ಲೆಕ್ಕದ ಪುಸ್ತಕವನ್ನು ಇಬ್ಬರು ಕರಣಿಕರು ಏಕಕಾಲದಲ್ಲಿ ತಿದ್ದಿದರೆ ಲೆಕ್ಕ ಕೆಡುವುದು ನಿಶ್ಚಯ. ಜಾಲಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಕಾರ್ಯಧಾರೆಗಳಿಗೆ, ಎಂದರೆ ಥ್ರೆಡ್‌ಗಳಿಗೆ, 2017ರ ಪರಿಷ್ಕರಣದಲ್ಲಿ ‘ಶೇರ್ಡ್ ಅರೇ ಬಫರ್’ ಎಂಬ ಸಮಾನ ಸ್ಮೃತಿಕೋಶ ದೊರೆಯಿತು. ಅಲ್ಲಿರುವ 5ನ್ನು ಎರಡು ಥ್ರೆಡ್‌ಗಳು ಒಟ್ಟಿಗೆ ಓದಿ, ಒಂದೊಂದನ್ನು ಕೂಡಿಸಿ ಬರೆದರೆ 7ರ ಬದಲು 6 ಉಳಿದೀತು. ಒಂದರ ದುಡಿಮೆ ಸದ್ದಿಲ್ಲದೆ ಅಳಿದೀತು. ಜೊತೆಯಲ್ಲಿಯೇ ಬಂದ ‘ಅಟಾಮಿಕ್ಸ್’ ಓದು, ಕೂಡಿಕೆ, ಬರಹಗಳನ್ನು ಅಖಂಡ ಕ್ರಿಯೆಯಾಗಿಸಿ ಈ ಹಾನಿಯನ್ನು ತಡೆಯುತ್ತದೆ.

2018ರಲ್ಲಿ ‘ಸ್ಪೆಕ್ಟರ್’ ದೋಷ ಬಯಲಾದಾಗ ಪ್ರಮುಖ ಬ್ರೌಸರ್‌ಗಳು ಈ ಹಂಚಿಕೆಯನ್ನೇ ತಡೆಹಿಡಿದು, ಅನಂತರ ಪುಟಗಳ ಪ್ರತ್ಯೇಕತೆಯ ಕಟ್ಟಳೆಯೊಡನೆ ಮರಳಿ ಕೊಟ್ಟವು. ಇದನ್ನು ತೊಡಕೆಂದು ಗೊಣಗುವವರುಂಟು, ಅದು ಸಲ್ಲದು. ಸಂದೇಶ ಕಳುಹಿಸಿ ಆಗುವ ಕೆಲಸಕ್ಕೆ ಸ್ಮೃತಿಯ ಹಂಚಿಕೆ ಬೇಡ; ಹಂಚಿಕೆ ಅನಿವಾರ್ಯವಾದಲ್ಲಿ ನಿಯಮದ ಕಾವಲು ಬೇಕೇ ಬೇಕು.