ಪ್ರವಾಸಕ್ಕೊಂದು ಕ್ಯಾಮೆರಾ: ಮೊದಲು ಕಿವಿ, ಆಮೇಲೆ ಕಣ್ಣು

ಈ ವರ್ಷದ ಸಂಚಿಕೆಗೆ ಏನಾದ್ರೂ ಬರೀರಿ ಅಂತ ಸಂಘದವರು ಕೇಳಿದಾಗ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಒಂದೇ ಪ್ರಶ್ನೆ: ಯಾವ ಕ್ಯಾಮೆರಾ ತಗೊಳ್ಳೋದು? ಮೇ ತಿಂಗಳಲ್ಲಿ ನನ್ನ ಘಟಿಕೋತ್ಸವ. ಅದಕ್ಕೆ ದಾವಣಗೆರೆಯಿಂದ ಅಪ್ಪಾಜಿ, ಅಮ್ಮ ಬರ್ತಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ರೆಡ್‌ವುಡ್ ಸಿಟಿಯ ನನ್ನ ಬಾಡಿಗೆ ಮನೆಯಲ್ಲಿ ಮೂರು ವಾರ ಇರ್ತಾರೆ. ನಡುವೆ ಹಾಫ್ ಮೂನ್ ಬೇ, ಮಾಂಟೆರೆ, ಕೊನೆಗೆ ಯೊಸೆಮಿಟಿ ಅಂತ ಯೋಜನೆ ಹಾಕಿದ್ದೀನಿ. ಇದನ್ನೆಲ್ಲ ಹಿಡಿದಿಡೋಕೆ ಜೇಬಿನಲ್ಲಿ ಕೂರುವಂಥ ಒಂದು ವಿಡಿಯೊ ಕ್ಯಾಮೆರಾ ಬೇಕು ಅನ್ನಿಸಿತು.

"ಫೋನ್ ಇದೆಯಲ್ಲ, ಸಾಲದಾ?" ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಆದ್ರೆ ಪ್ರವಾಸದ ದಿನ ಫೋನೇ ನಕ್ಷೆ, ಫೋನೇ ಟಿಕೆಟ್ಟು, ಫೋನೇ ಪರ್ಸು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿದರೆ ವಿಡಿಯೊ ಹಾಳಾಗಲಿ, ಮನೆಗೆ ವಾಪಸ್ ಬರೋ ದಾರಿಯೂ ತಿಳಿಯಲ್ಲ. ಅದೂ ಅಲ್ಲದೆ ನನ್ನ ಫೋನು ನನ್ನ ಕೈಯಲ್ಲೇ ಇರುತ್ತೆ, ಹಾಗಾಗಿ ನಾನು ಒಂದು ವಿಡಿಯೊದಲ್ಲೂ ಇರಲ್ಲ.

ಹೀಗೆ ಎರಡು ತಿಂಗಳು ವಿಮರ್ಶೆಗಳನ್ನ ಓದಿದೆ, ನೋಡಿದೆ. ಎಲ್ಲಿ ಹೋದರೂ 4ಕೆ, 8ಕೆ, ಸೆಕೆಂಡಿಗೆ 120 ಫ್ರೇಮು, ಸೆನ್ಸರ್ ಗಾತ್ರ, ಇವೇ ಮಾತು. ಇಂಜಿನಿಯರಿಂಗ್ ಓದಿದವನಾಗಿ ನನಗೂ ಈ ಸಂಖ್ಯೆಗಳ ಹುಚ್ಚು ಇದೆ, ಸುಳ್ಳು ಯಾಕೆ ಹೇಳಲಿ. ಅದನ್ನ ಬಿಡಿಸಿದ್ದು ಒಂದು ಹಳೇ ಟೇಪು.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ಬೀರುವಿನಲ್ಲಿ ಒಂದು ಮಿನಿ ಡಿವಿ ಕ್ಯಾಸೆಟ್ ಸಿಕ್ಕಿತು. ಮೇಲೆ ಅಪ್ಪಾಜಿ ಕೈಬರಹದಲ್ಲಿ "ಜೋಗ, 2006" ಅಂತ. ಆಗ ನನಗೆ ಐದು ವರ್ಷ. ಚಿಕ್ಕಪ್ಪನ ಹತ್ತಿರ ಕ್ಯಾಮೆರಾ ಎರವಲು ತಂದು, ಒಂದು ಸುಮೋ ಬಾಡಿಗೆ ಮಾಡ್ಕೊಂಡು ಮನೆಮಂದಿಯೆಲ್ಲ ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆವು. ಕ್ಯಾಮೆರಾ ಯಾವತ್ತೋ ಕೆಟ್ಟು ಹೋಗಿದೆ. ಟೇಪನ್ನ ಕಂಪ್ಯೂಟರಿಗೆ ಇಳಿಸೋಕೆ ಫೈರ್‌ವೈರ್ ಅನ್ನೋ ಕೇಬಲ್ ಬೇಕು, ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಕಿಂಡಿಯೇ ಇಲ್ಲ. ಊರಲ್ಲಿ ಮದುವೆ ವಿಡಿಯೊ ಮಾಡೋ ಒಂದು ಸ್ಟುಡಿಯೊದಲ್ಲಿ ಹಳೇ ಯಂತ್ರ ಇನ್ನೂ ಇತ್ತು. ಅವರು ಎರಡು ದಿನ ಬಿಟ್ಟು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು.

ಟೇಪು ಒಂದು ಗಂಟೆಯದು. ಅದರಲ್ಲಿ ಮುಕ್ಕಾಲು ಭಾಗ ಬರೀ ಬಿಳಿ. ಜೋಗ ನೋಡಿದವರಿಗೆ ಗೊತ್ತಿರುತ್ತೆ, ಮಳೆಗಾಲದಲ್ಲಿ ಮಂಜು ಮುಸುಕಿದರೆ 253 ಮೀಟರಿನ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಾಯ. ಈಗ ಸರಿಯುತ್ತೆ, ಆಗ ಸರಿಯುತ್ತೆ ಅಂತ ಅಪ್ಪಾಜಿ ಕ್ಯಾಮೆರಾವನ್ನ ಆ ಮಂಜಿನ ಕಡೆಗೇ ಹಿಡಿದು ನಿಂತಿದ್ದಾರೆ. ಅವರ ಬೆನ್ನ ಹಿಂದೆ ಕಲ್ಲಿನ ಮೇಲೆ ಕೂತು ಅಜ್ಜಿ ಏನೋ ಹೇಳ್ತಿದ್ದಾರೆ, ಚಿಕ್ಕಮ್ಮ ನಗ್ತಿದ್ದಾರೆ, ನಾನು ಏನೋ ಕೇಳ್ತಿದ್ದೀನಿ. ಒಂದೂ ತಿಳಿಯಲ್ಲ. ಗಾಳಿ ಮೈಕಿಗೆ ಬಡಿದು ಗರ್ರ್ ಅನ್ನೋ ಸದ್ದು ಎಲ್ಲವನ್ನೂ ನುಂಗಿದೆ. ಗಾಳಿ ಒಂದು ಕ್ಷಣ ನಿಂತಾಗ ಅಜ್ಜಿಯ ಒಂದೇ ಒಂದು ವಾಕ್ಯ ಕೇಳುತ್ತೆ: "ಸಾಕ್ ಬಿಡೋ, ಅದೇನ್ ಕಾಣಲ್ಲ. ಬಾ ಇಲ್ಲಿ, ಮಂಡಕ್ಕಿ ತಿನ್ನು."

ಅಜ್ಜಿ ತೀರಿಕೊಂಡು ಆರು ವರ್ಷ ಆಯ್ತು. ನಮ್ಮ ಮನೆಯಲ್ಲಿ ಅವರ ಫೋಟೊ ಬೇಕಾದಷ್ಟಿವೆ. ಧ್ವನಿ ಅಂತ ಇರೋದು ಆ ಒಂದು ವಾಕ್ಯ. ಅಪ್ಪಾಜಿ ಆ ವಿಡಿಯೊ ನೋಡುವಾಗ ಆ ಜಾಗ ಬಂದ ತಕ್ಷಣ ಹಿಂದಕ್ಕೆ ಓಡಿಸ್ತಾರೆ, ಮತ್ತೆ ಕೇಳ್ತಾರೆ. ಜಲಪಾತ ಕೊನೆಯ ಹತ್ತು ನಿಮಿಷದಲ್ಲಿ ಚೆನ್ನಾಗಿಯೇ ಕಾಣುತ್ತೆ. ಅದನ್ನ ಯಾರೂ ಹಿಂದಕ್ಕೆ ಓಡಿಸಿ ನೋಡಿಲ್ಲ. ಇನ್ನೊಂದು ವಿಷಯ: ಆ ಒಂದು ಗಂಟೆಯಲ್ಲಿ ಅಪ್ಪಾಜಿ ಎಲ್ಲೂ ಇಲ್ಲ. ಅವರ ಕೆಮ್ಮು ಮಾತ್ರ ಇದೆ.

ಅದಕ್ಕೇ ನನ್ನ ಅಭಿಪ್ರಾಯ ಇದು. ಯೊಸೆಮಿಟಿ ಜಲಪಾತವನ್ನ ನನಗಿಂತ ಸಾವಿರ ಪಾಲು ಚೆನ್ನಾಗಿ ತೆಗೆದವರಿದ್ದಾರೆ, ಅದು ಯಾವತ್ತೂ ನೋಡೋಕೆ ಸಿಗುತ್ತೆ. ನಮ್ಮಮ್ಮ ಅದರ ಮುಂದೆ ನಿಂತು ಏನಂದರು ಅನ್ನೋದು ನಾನು ಹಿಡಿದಿಟ್ಟರೆ ಮಾತ್ರ ಉಳಿಯುತ್ತೆ. ಕ್ಯಾಮೆರಾ ಆರಿಸುವಾಗ ಮೂರೇ ಪ್ರಶ್ನೆ ಕೇಳಿ: ಮಾತು ಕೇಳುತ್ತಾ? ಮನೆಯವರೆಲ್ಲ ಹಿಡೀತಾರಾ? ಇಪ್ಪತ್ತು ವರ್ಷ ಬಿಟ್ಟು ತೆರೆಯುತ್ತಾ? ಚಿತ್ರದ ಗುಣಮಟ್ಟ ಈ ಮೂರರ ನಂತರ ಬರಲಿ.

ಮೊದಲು ಮಾತು. ಗಾಳಿ ಮೈಕಿನ ತೆಳು ಪರದೆಗೆ ನೇರವಾಗಿ ಬಡಿದಾಗ ಬರೋ ಸದ್ದನ್ನ ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯೋದು ಕಷ್ಟ. ಮಾತೂ ಅದೂ ಕಲಸಿ ಹೋಗಿರುತ್ತೆ. ಮೊದಲೇ ಮೈಕಿಗೆ ಒಂದು ತುಪ್ಪಳದ ಟೋಪಿ ಹಾಕಿದರೆ ಅರ್ಧ ತೊಂದರೆ ಕಡಿಮೆ. ಉಳಿದರ್ಧ ದೂರದ್ದು. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತೆ. ಕ್ಯಾಮೆರಾ 3 ಮೀಟರ್ ದೂರದಲ್ಲಿದ್ದು, ಮೈಕು ಮಾತಾಡೋರ ಬಾಯಿಂದ ಒಂದು ಗೇಣು ದೂರದಲ್ಲಿದ್ದರೆ, ಲೆಕ್ಕದ ಪ್ರಕಾರ 23 ಡೆಸಿಬೆಲ್‌ನಷ್ಟು ಲಾಭ. ಇಷ್ಟು ವ್ಯತ್ಯಾಸವನ್ನ ಕ್ಯಾಮೆರಾದೊಳಗಿನ ಮೈಕು ಎಷ್ಟೇ ಒಳ್ಳೇದಿದ್ದರೂ ತುಂಬಿಕೊಡಲ್ಲ. ಹಾಗಾಗಿ ಬಟ್ಟೆಗೆ ಸಿಕ್ಕಿಸೋ ವೈರ್‌ಲೆಸ್ ಮೈಕು ಸೇರಿಸಲು ಆಗುತ್ತಾ ಅಂತ ಮೊದಲು ನೋಡಿ. ಗೆಳತಿಯೊಬ್ಬರು ಸೀರೆ ಉಟ್ಟಾಗ ಇದನ್ನ ಪರೀಕ್ಷೆ ಮಾಡಿ ನೋಡಿದ್ವಿ. ಸೆರಗಿನ ಮಡಿಕೆಯೊಳಗೆ ಸಿಕ್ಕಿಸಿದರೆ ಬಟ್ಟೆ ಉಜ್ಜೋ ಸದ್ದೇ ಜಾಸ್ತಿ. ಸೆರಗಿನ ಪಿನ್ನಿನ ಹತ್ತಿರ, ಬಟ್ಟೆ ಅಲ್ಲಾಡದ ಕಡೆ, ಹೊರಗೆ ಕಾಣೋ ಹಾಗೆ ಹಾಕಿದರೆ ಸರಿಯಾಗುತ್ತೆ.

ಎರಡನೇದು ಕೈ. ಈ ವಿಷಯದಲ್ಲಿ ನಮ್ಮ ಬೇ ಏರಿಯಾದಲ್ಲೇ ಒಂದು ಪಾಠ ಇದೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ಯೂರ್ ಡಿಜಿಟಲ್ ಅನ್ನೋ ಕಂಪನಿ ಫ್ಲಿಪ್ ಅನ್ನೋ ಪುಟ್ಟ ಕ್ಯಾಮೆರಾ ತಂದಿತು. ಹಿಂಬದಿಯಲ್ಲಿ ಒಂದು ಕೆಂಪು ಗುಂಡಿ, ಪಕ್ಕದಿಂದ ಹೊರಬರೋ ಒಂದು ಯುಎಸ್‌ಬಿ ತೋಳು, ಹೆಚ್ಚುಕಮ್ಮಿ ಅಷ್ಟೇ. ಚಿತ್ರ ಸಾಧಾರಣ. ಆದ್ರೂ ಜನ ಮುಗಿಬಿದ್ದು ಕೊಂಡರು, ಯಾಕಂದ್ರೆ ಯಾರಿಗೂ ಹೇಳಿಕೊಡೋದು ಬೇಕಿರಲಿಲ್ಲ. 2009ರಲ್ಲಿ ಸಿಸ್ಕೊ ಆ ಕಂಪನಿಯನ್ನ ಸುಮಾರು 59 ಕೋಟಿ ಡಾಲರಿಗೆ ಕೊಂಡಿತು. ಇನ್ನೊಂದು ಕಡೆ ನಮ್ಮ ಉತ್ತರಕ್ಕಿರೋ ಸ್ಯಾನ್ ಮಟಿಯೊದ ಗೋಪ್ರೊ. ಅದು ಹುಟ್ಟಿದ್ದು ಸರ್ಫಿಂಗ್ ಮಾಡೋರಿಗಾಗಿ. ಗಟ್ಟಿ, ನೀರಿಗೆ ಬಿದ್ದರೂ ಚಿಂತೆ ಇಲ್ಲ. ಆದ್ರೆ ನಮ್ಮಪ್ಪಾಜಿ ಸರ್ಫಿಂಗ್ ಮಾಡಲ್ಲ. ಅವರು ಮಾಡೋದು ನಿಧಾನ ನಡಿಗೆ, ಅಲ್ಲಲ್ಲಿ ನಿಂತು "ಇದೇನು ಮರ?" ಅಂತ ಕೇಳೋದು. ಅಂಥ ನಡಿಗೆಗೆ ಡಿಜೆಐ ಆಸ್ಮೊ ಪಾಕೆಟ್ 3ರಂಥದ್ದು ಹೊಂದುತ್ತೆ: 179 ಗ್ರಾಂ ತೂಕ, ಕೈ ನಡುಗಿದರೂ ಲೆನ್ಸನ್ನ ಸ್ಥಿರವಾಗಿ ಹಿಡಿಯೋ ಪುಟ್ಟ ಮೋಟರುಗಳು. ಅಪ್ಪಾಜಿ ಕೈ ಈಗ ಸ್ವಲ್ಪ ನಡುಗುತ್ತೆ, ಹಾಗಾಗಿ ನನಗೆ ಇದು ದೊಡ್ಡ ವಿಷಯ.

ಯಾವುದನ್ನೇ ಕೊಳ್ಳೋ ಮುಂಚೆ, ಕ್ಯಾಮೆರಾ ಮುಟ್ಟದ ಒಬ್ಬರ ಕೈಗೆ ಹತ್ತು ನಿಮಿಷ ಕೊಟ್ಟು ಸುಮ್ಮನೆ ಕೂರಿ. ನಾನು ಇಲ್ಲಿನ ಕೋರ್ಟ್‌ಹೌಸ್ ಚೌಕದಲ್ಲಿ ರೂಮ್‌ಮೇಟ್‌ನ ಅತ್ತೆಯ ಕೈಗೆ ಎರಡು ಕ್ಯಾಮೆರಾ ಕೊಟ್ಟು ನೋಡಿದೆ, ಎರಡೂ ಎರವಲು ತಂದದ್ದು. ಒಂದರಲ್ಲಿ ಅವರು ಮೂರನೇ ನಿಮಿಷಕ್ಕೆ ಯಾವುದೋ ಮೆನುವಿನೊಳಗೆ ಕಳೆದುಹೋದರು. ಇನ್ನೊಂದರಲ್ಲಿ ತಾವೇ ಶುರು ಮಾಡಿ ನಮ್ಮಿಬ್ಬರನ್ನೂ ತೆಗೆದು, "ನೀವ್ಯಾಕೆ ಹಿಂಗೆ ಗುಮ್ಮನ ಥರ ನಿಂತಿದೀರಿ" ಅಂತ ಬೈದದ್ದೂ ರೆಕಾರ್ಡ್ ಆಯ್ತು. ವಿಮರ್ಶೆಗಳಲ್ಲಿ ಸಿಗದ ಉತ್ತರ ಅಲ್ಲಿ ಸಿಕ್ಕಿತು.

ಮೂರನೇದು ಬಾಳಿಕೆ. ನಾನಿರೋ ರೆಡ್‌ವುಡ್ ಸಿಟಿಗೂ ವಿಡಿಯೊಗೂ ಹಳೇ ನಂಟಿದೆ. ಪಕ್ಕದ ಸ್ಯಾನ್ ಕಾರ್ಲೋಸ್‌ನಲ್ಲಿ 1944ರಲ್ಲಿ ಶುರುವಾಗಿ ಇಲ್ಲಿ ಬೆಳೆದ ಆಂಪೆಕ್ಸ್ ಕಂಪನಿ, ಕೆಲಸಕ್ಕೆ ಬರುವಂಥ ಮೊದಲ ವಿಡಿಯೊ ಟೇಪ್ ರೆಕಾರ್ಡರನ್ನ 1956ರ ಏಪ್ರಿಲ್ 14ರಂದು ಶಿಕಾಗೊದಲ್ಲಿ ತೋರಿಸಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಮುಂದಾಳುತನದ ಪುಟ್ಟ ತಂಡ. ಮುಂದೆ ಡಾಲ್ಬಿ ಅಂತ ಹೆಸರಾದ ರೇ ಡಾಲ್ಬಿ ಆ ತಂಡದಲ್ಲಿದ್ದ ಹುಡುಗ. ಟೇಪಿನ ಅಗಲ ಎರಡು ಇಂಚು, ಯಂತ್ರದ ಬೆಲೆ ಸುಮಾರು 50,000 ಡಾಲರ್. ನ್ಯೂಯಾರ್ಕಿನ ಸುದ್ದಿಯನ್ನ ಮೂರು ಗಂಟೆ ತಡವಾಗಿ ಪಶ್ಚಿಮ ಕರಾವಳಿಗೆ ತೋರಿಸೋಕೆ ಟಿವಿಯವರಿಗೆ ಅದು ಬೇಕಿತ್ತು. ಆದ್ರೆ ಟೇಪು ದುಬಾರಿ ಅಂತ ಎಷ್ಟೋ ಕಾರ್ಯಕ್ರಮಗಳನ್ನ ಅಳಿಸಿ ಅದರ ಮೇಲೇ ಮತ್ತೆ ರೆಕಾರ್ಡ್ ಮಾಡಿದರು. ಉಳಿದ ಟೇಪುಗಳಿಗೆ ಓಡಿಸೋ ಯಂತ್ರ ಸಿಗೋದು ಅಪರೂಪ. ನಮ್ಮ ಜೋಗದ ಕ್ಯಾಸೆಟ್ಟಿನ ಕಥೆಯೇ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. ಫ್ಲಿಪ್‌ನ ಗತಿಯೂ ಅಷ್ಟೇ, 2011ರ ಏಪ್ರಿಲ್‌ನಲ್ಲಿ ಸಿಸ್ಕೊ ಅದನ್ನ ಮುಚ್ಚಿಬಿಟ್ಟಿತು.

ಹಾಗಾಗಿ ಆ ಕಂಪನಿಯ ಆ್ಯಪ್ ಇಲ್ಲದೆಯೂ ಸಾಮಾನ್ಯ ಎಂಪಿ4 ಫೈಲಾಗಿ ಹೊರಬರೋ ಕ್ಯಾಮೆರಾವನ್ನೇ ಆರಿಸಿ. 4ಕೆ ಆಸೆಗೂ ಸ್ವಲ್ಪ ಕಡಿವಾಣ ಇರಲಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ಒಂದು ಗಂಟೆಗೆ 45 ಜಿಬಿ. 25 ಮೆಗಾಬಿಟ್‌ನ ಫುಲ್ ಎಚ್‌ಡಿ ಆದ್ರೆ 11 ಜಿಬಿ ಚಿಲ್ಲರೆ. ಫೈಲು ದೊಡ್ಡದಾದಷ್ಟೂ "ಆಮೇಲೆ ಕಾಪಿ ಮಾಡೋಣ" ಅಂತ ಮುಂದೂಡ್ತೀವಿ, ಒಂದು ದಿನ ಕಾರ್ಡು ಕಳೆದುಹೋಗುತ್ತೆ. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, ಒಂದು ಇಲ್ಲಿ, ಒಂದು ಊರಲ್ಲಿ.

ಇಲ್ಲಿ ಕೊಂಡ ಕ್ಯಾಮೆರಾವನ್ನ ಊರಿಗೆ ಒಯ್ಯೋರಿಗೆ ಎರಡು ಮಾತು. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50. ಇಲ್ಲಿನ 30 ಫ್ರೇಮಿನ ಸೆಟ್ಟಿಂಗಿನಲ್ಲೇ ಊರ ಮದುವೆ ಮನೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಚಿತ್ರ ಮಿಣಮಿಣ ಅನ್ನಬಹುದು. 25 ಅಥವಾ 50 ಫ್ರೇಮಿಗೆ, ಅಂದ್ರೆ ಮೆನುವಿನಲ್ಲಿ ಪಾಲ್‌ಗೆ ಬದಲಿಸಿ, ಶಟರನ್ನ 1/50ಕ್ಕೆ ಇಡಿ. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನ ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಅದು ವಿಮಾನದ ನಿಯಮ.

ಕ್ಯಾಮೆರಾ ಹಿಡಿದು ನಿಂತರೆ ನೋಡೋದೇ ತಪ್ಪಿಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಮಂಜಿಗೆ ಕ್ಯಾಮೆರಾ ಹಿಡಿದು ಮಂಡಕ್ಕಿ ತಪ್ಪಿಸಿಕೊಂಡ ಅಪ್ಪಾಜಿಯನ್ನ ನೋಡಿದ ಮೇಲೆ ಅದನ್ನ ಅಲ್ಲಗಳೆಯೋಕೆ ನನಗಾಗಲ್ಲ. ಅದಕ್ಕೆ ನಾನು ಹಾಕ್ಕೊಂಡ ನಿಯಮ: ದಿನಕ್ಕೆ ಹದಿನೈದು ನಿಮಿಷ, ಅದೂ ಮೂರು ಜನ ಸರದಿಯಲ್ಲಿ. ಕೂತು ಬುತ್ತಿ ಬಿಚ್ಚುವಾಗ ಒಂದು ಸಲ, ಕಾರಿನಲ್ಲಿ ಒಂದು ಸಲ. ಜಲಪಾತಕ್ಕೆ ಎರಡು ನಿಮಿಷ ಸಾಕು.

ಕೊನೆಗೆ ನಾನು ಆರಿಸಿದ್ದು ಹಿಂದಿನ ತಲೆಮಾರಿನ, ಒಬ್ಬರು ಬಳಸಿದ, ಲೆನ್ಸ್ ಸ್ಥಿರವಾಗಿ ಹಿಡಿಯೋ ಪುಟ್ಟ ಕ್ಯಾಮೆರಾ. ಕ್ಯಾಂಪಸ್ ಕೆಲಸದಲ್ಲಿ ಉಳಿಸಿದ ದುಡ್ಡಿನಲ್ಲಿ ಅರ್ಧ ಅದಕ್ಕೆ, ಉಳಿದರ್ಧ ಮೈಕು ಮತ್ತು ಡಿಸ್ಕುಗಳಿಗೆ ಹೋಯ್ತು. ಹೊಸ ಮಾಡೆಲ್ ಬಿಟ್ಟುಕೊಟ್ಟದ್ದಕ್ಕೆ ಒಂದಿಷ್ಟು ಹೊಟ್ಟೆಯುರಿ ಇದೆ, ಇಲ್ಲ ಅನ್ನಲ್ಲ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಮೈಕಿನ ವಿಷಯ ಹೇಳಿದೆ. "ಅಯ್ಯೋ, ಅದನ್ನ ಹಾಕ್ಕೊಂಡು ನಾನೇನಪ್ಪಾ ಮಾತಾಡ್ಲಿ?" ಅಂದರು. "ದಿನಾ ಮಾತಾಡೋದೇ ಮಾತಾಡಮ್ಮ" ಅಂದೆ. ಆಮೇಲೆ ಅರ್ಧ ಗಂಟೆ ಉಪ್ಪಿನಕಾಯಿ ತರಬಹುದಾ ಅಂತ ಮಾತಾಡಿದರು.

ಸ್ನೇಹಿತರೇ, ಈ ರಜೆಯಲ್ಲಿ ಊರಿಗೆ ಹೋಗೋರು ಬೀರುವಿನಲ್ಲಿ ಹಳೇ ಟೇಪು ಇದೆಯಾ ಅಂತ ಒಮ್ಮೆ ನೋಡಿ. ಅದನ್ನ ಓಡಿಸೋ ಯಂತ್ರ ನಿಮ್ಮೂರಿನ ಯಾವುದೋ ಸ್ಟುಡಿಯೊದಲ್ಲಿ ಇನ್ನೂ ಕೆಲಸ ಮಾಡ್ತಿರಬಹುದು, ಮುಂದಿನ ವರ್ಷಕ್ಕೆ ಹೇಳೋಕಾಗಲ್ಲ. ಹೊಸ ಕ್ಯಾಮೆರಾ ಆಮೇಲೆ ಕೊಂಡರೂ ನಡೆಯುತ್ತೆ.